ಎಂಟು ಜನ ಮಾತ್ರ

ಆ ಕ್ರೈಸ್ತ ಸಭೆಯ ಆರಾಧನೆ ನಡೆಯುತ್ತಿದ್ದದ್ದು ಹಳೆಯ ಕಟ್ಟಡವೊಂದರ ನಾಲ್ಕನೆಯ ಮಹಡಿಯಲ್ಲಿ. ನೆಲಮಟ್ಟದಲ್ಲಿ ಬೀಗದ ಅಂಗಡಿ, ಅದರ ಮೇಲೆ ಹೊಲಿಗೆ ಶಾಲೆ, ಅದರ ಮೇಲೆ ಹಲ್ಲಿನ ಡಾಕ್ಟರು, ಅದರ ಮೇಲೆ ಯಾರೂ ಬಾಡಿಗೆಗೆ ಬಾರದ ಖಾಲಿ ಮಹಡಿ, ಅದರ ಮೇಲೆ ದೇವರು. ಸ್ವರ್ಗಕ್ಕೆ ಅಷ್ಟು ಹತ್ತಿರ ಎಂದು ಹಿರಿಯರು ಹೇಳಿಕೊಳ್ಳುತ್ತಿದ್ದರು. ಮೆಟ್ಟಿಲು ಎಂಬತ್ತೆಂಟು ಎಂದು ಮಂಡಿನೋವಿನವರು ಹೇಳುತ್ತಿದ್ದರು. ಎರಡೂ ನಿಜವೇ.

ಲಿಫ್ಟು ಇತ್ತು. ಒಳಗೆ ಹಿತ್ತಾಳೆಯ ತಗಡೊಂದರಲ್ಲಿ ‘ಎಂಟು ಜನ ಮಾತ್ರ, 544 ಕಿಲೋ’ ಎಂದು ಕೆತ್ತಿತ್ತು. ಭಾರ ಅದನ್ನು ಮೀರಿತೋ, ಗಂಟೆ ಹೊಡೆಯುತ್ತಿತ್ತು; ಗಂಟೆ ಹೊಡೆಯುವಷ್ಟು ಹೊತ್ತೂ ಜಪ್ಪಯ್ಯ ಎಂದರೂ ಲಿಫ್ಟು ಕದಲುತ್ತಿರಲಿಲ್ಲ. ಆಗ ಕೊನೆಗೆ ಹತ್ತಿದವರು ಇಳಿಯಬೇಕು. ಇದನ್ನು ಎಲ್ಲೂ ಬರೆದಿರಲಿಲ್ಲ. ಆದರೆ ಆ ಸಭೆಯಲ್ಲಿ ಬರೆದಿಟ್ಟ ನಿಯಮಗಳಿಗಿಂತ ಇದನ್ನೇ ಜನ ಹೆಚ್ಚು ಪಾಲಿಸುತ್ತಿದ್ದರು. ಭಾನುವಾರಗಳಂದು ಕೊನೆಗೆ ಹತ್ತುವವರು ಬಹುಮಟ್ಟಿಗೆ ಅಮ್ಮನವರು, ಎಂದರೆ ಸಭಾಪಾಲಕರ ಹೆಂಡತಿ. ಅವರು ಕಾಲಿಡುವುದು, ಗಂಟೆ ಹೊಡೆಯುವುದು, ಒಳಗಿದ್ದವರೆಲ್ಲ ಚಾವಣಿ ನೋಡುವುದು, ಅವರು ಇಳಿದು ಮೆಟ್ಟಿಲ ಕಡೆ ನಡೆಯುವುದು: ಇದು ಸ್ತೋತ್ರಗೀತೆಯಷ್ಟೇ ಕ್ರಮವಾಗಿ ನಡೆಯುತ್ತಿತ್ತು. ಸಭಾಪಾಲಕರು ಮಾತ್ರ ಯಾವತ್ತೂ ಮೆಟ್ಟಿಲನ್ನೇ ಹತ್ತುತ್ತಿದ್ದರು. ವ್ಯಾಯಾಮ ಎನ್ನುತ್ತಿದ್ದರು.

ಆ ಲಿಫ್ಟನ್ನು ಹತ್ತೊಂಬತ್ತು ವರ್ಷಗಳಿಂದ ನೋಡಿಕೊಳ್ಳುತ್ತಿದ್ದವನು ಸಭೆಯವನೇ. ಅವನಿಗಿಂತ ಹಿರಿಯರೂ ಅವನನ್ನು ಲಿಫ್ಟಣ್ಣ ಎಂದೇ ಕರೆಯುತ್ತಿದ್ದರು. ಶನಿವಾರ ಶನಿವಾರ ಲಿಫ್ಟಿನ ಉಕ್ಕಿನ ಹಗ್ಗಗಳನ್ನು ಬಟ್ಟೆಯಿಂದ ಒರೆಸಿ, ಒಂದೊಂದು ಎಳೆಯನ್ನೂ ಉಗುರಿನಿಂದ ತಡವಿ, ‘ಇದು ಹರಿದರೆ? ಅದು ಜಾರಿದರೆ? ಕರೆಂಟು ಹೋದರೆ?’ ಎಂದು ತನ್ನನ್ನು ತಾನೇ ಕೇಳಿಕೊಂಡು, ಉತ್ತರ ಸಿಕ್ಕ ಮೇಲೆ ಪುಸ್ತಕದಲ್ಲಿ ಸಹಿ ಹಾಕುವುದು ಅವನ ಪದ್ಧತಿ. ಹೀಗೆ ಕೇಳಿ ಕೇಳಿ ರೂಢಿಯಾದವನಿಗೆ ಸಭೆಯಲ್ಲೂ ಬಾಯಿ ಮುಚ್ಚಿಕೊಂಡಿರಲು ಬರುತ್ತಿರಲಿಲ್ಲ. ಅದೇ ತಾಪತ್ರಯವಾಯಿತು.

ಗುರುವಾರದ ಬೈಬಲ್ ಪಾಠದಲ್ಲಿ ಪ್ರಳಯದ ಕಥೆ ಬಂತು: ಮುದುಕನೊಬ್ಬ ದೇವರ ಮಾತಿನಂತೆ ದೊಡ್ಡ ನಾವೆ ಕಟ್ಟಿ, ಎಲ್ಲ ಪ್ರಾಣಿಗಳನ್ನೂ ಜೋಡಿ ಜೋಡಿಯಾಗಿ ಹತ್ತಿಸಿಕೊಂಡದ್ದು. ಸಭಾಪಾಲಕರು ಓದಿ ಮುಗಿಸಿದರು. ಲಿಫ್ಟಣ್ಣ ಕೈಯೆತ್ತಿದ.

“ಅಯ್ಯನವರೇ, ಆನೆ ಎರಡೂ ಒಂದೇ ಕಡೆ ನಿಂತ್ರೆ ನಾವೆ ವಾಲಲ್ವಾ? ಆ ಅಜ್ಜ ಭಾರ ಹೆಂಗೆ ಹಂಚಿರಬಹುದು?”

ಅವನು ಕುಚೋದ್ಯಕ್ಕೆ ಕೇಳಿದ್ದಲ್ಲ. ನಿಜವಾಗಿಯೂ ಆ ಅಜ್ಜನ ಬಗ್ಗೆ ಮರುಗಿ ಕೇಳಿದ್ದು. ಅಷ್ಟೊಂದು ಪ್ರಾಣಿಗಳು, ಒಂದೇ ಬಾಗಿಲು, ಭಾರದ ತಗಡೂ ಇಲ್ಲ. ಅದೇ ಕೆಲಸದವರಿಗೆ ಮಾತ್ರ ಆ ಕಷ್ಟ ಗೊತ್ತು. ಸಭಾಪಾಲಕರ ಮುಖ ಒಂದು ಕ್ಷಣ ಅರಳಿತು, ಅವರೂ ಅದನ್ನೇ ಯೋಚಿಸಿದ್ದರೋ ಏನೋ. ಆದರೆ ಅವರು ಬಾಯಿ ತೆರೆಯುವ ಮುನ್ನ ಹಿಂದಿನ ಸಾಲಿನಿಂದ “ಆಮೆನ್!” ಎಂದು ಕೇಳಿಸಿತು.

ಅದು ಆಮೆನ್ ಮೇಷ್ಟ್ರು. ಶಾಲೆಯೊಂದರಲ್ಲಿ ಮೂವತ್ತು ವರ್ಷ ಡ್ರಿಲ್ ಮಾಡಿಸಿ ನಿವೃತ್ತರಾಗಿ, ಈಗ ಸಭೆಯ ಮುಖ್ಯ ಹಿರಿಯರು. ಯಾರ ಪ್ರಾರ್ಥನೆಯೂ ಮುಗಿಯುವ ತನಕ ಕಾಯುವ ತಾಳ್ಮೆ ಅವರಿಗಿರಲಿಲ್ಲ. ‘ಕರ್ತನೇ, ನಮ್ಮ ಕಾಯಿಲೆಗಳನ್ನು’ ಎಂಬಲ್ಲಿಗೇ ಆಮೆನ್ ಎಂದುಬಿಡುತ್ತಿದ್ದರು. ಎಷ್ಟೋ ರೋಗಿಗಳು ಹಾಗೆ ಅರ್ಧದಲ್ಲೇ ಉಳಿದಿದ್ದರು.

“ನೋಡಪ್ಪಾ ಲಿಫ್ಟಣ್ಣ,” ಎಂದರು ಮೇಷ್ಟ್ರು ಎದ್ದು ನಿಂತು. “ಪ್ರಶ್ನೆ ಅನ್ನೋದು ಗೆದ್ದಲು. ಒಂದು ಒಳಗೆ ಬಂದ್ರೆ ಮನೇನೇ ಹೋಯ್ತು. ಇಲ್ಲಿಗೆ ಬರೋರು ಬುದ್ಧಿನ ಆ ಕೊಡೆ ಜೊತೆ ಬಾಗಿಲಲ್ಲೇ ಇಟ್ಟು ಬರಬೇಕು.”

ಬಾಗಿಲ ಪಕ್ಕದ ಕೊಡೆಯ ಡಬ್ಬಿಯನ್ನು ಎಲ್ಲರೂ ತಿರುಗಿ ನೋಡಿದರು. ಲಿಫ್ಟಣ್ಣನೂ ನೋಡಿದ. ಆ ಡಬ್ಬಿಯಲ್ಲಿ ಹೊಸ ಕೊಡೆ ಇಟ್ಟವರು ಹೋಗುವಾಗ ಕಡ್ಡಿ ಮುರಿದ ಬೇರೆ ಯಾರದೋ ಕೊಡೆಯನ್ನು ಹಿಡಿದು ಹೋಗುವುದು ಅವನಿಗೆ ಗೊತ್ತಿತ್ತು. ಅದನ್ನು ಹೇಳಬೇಕೆನ್ನಿಸಿತು. ಹೇಳಲಿಲ್ಲ. ಹೇಳಿದ್ದರೂ ಅದು ಇನ್ನೊಂದು ಗೆದ್ದಲಾಗುತ್ತಿತ್ತು, ಅಷ್ಟೇ.

ಮರುದಿನ ಅವನು ಲಿಫ್ಟಿನ ಬಾಗಿಲಿಗೆ ಎಣ್ಣೆ ಬಿಡುತ್ತಿದ್ದಾಗ ತಂಗಿ ಹೊಲಿಗೆ ಶಾಲೆಯಿಂದ ಹೊರಗೆ ಬಂದಳು. ಕತ್ತಿನಲ್ಲಿ ಅಳತೆಪಟ್ಟಿ, ಕಂಕುಳಲ್ಲಿ ಐದು ತಿಂಗಳ ಹೆಣ್ಣುಕೂಸು. ಆ ಶಾಲೆಯಲ್ಲಿ ಅವಳೇ ಟೀಚರು. ಅವಳಿಗೆ ಒಂಬತ್ತು ವರ್ಷವಾಗಿದ್ದಾಗ ಅಪ್ಪ ಅಮ್ಮ ಇಬ್ಬರೂ ತೀರಿಕೊಂಡಿದ್ದರು. ಅಲ್ಲಿಂದ ಅವಳ ಜಡೆ ಹಾಕಿ, ಮಗ್ಗಿ ಬಾಯಿಪಾಠ ಮಾಡಿಸಿ, ಮದುವೆ ಮಾಡಿದವನು ಈ ಅಣ್ಣನೇ. ಜಡೆ ಮಾತ್ರ ಕೊನೆಯವರೆಗೂ ಉಕ್ಕಿನ ಹಗ್ಗ ಹೆಣೆದಂತೆಯೇ ಇರುತ್ತಿತ್ತು.

“ಅಣ್ಣಾ, ನಿನ್ನ ಆನೆ ನನ್ನ ತಲೆ ಮೇಲೆ ಕೂತಿದೆ,” ಎಂದಳು.

“ಯಾವ ಆನೆ?”

“ಎರಡೂ. ಭಾನುವಾರ ಪಾಪುಗೆ ಜ್ಞಾನಸ್ನಾನ ಇಟ್ಕೊಂಡಿದೀವಿ. ನೀನೇ ಜ್ಞಾನತಂದೆಯಾಗಿ ಅವಳನ್ನ ಕೈಲಿ ಹಿಡಿದು ನಿಲ್ಲಬೇಕು ಅಂತ ಅವಳು ಹುಟ್ಟೋಕೆ ಮುಂಚೆನೇ ಹೇಳಿದ್ದೆ. ಈಗ ಮೇಷ್ಟ್ರು ಮನೆಗೆ ಬಂದು, ಪ್ರಶ್ನೆ ಕೇಳೋನನ್ನ ನಿಲ್ಲಿಸೋಕಾಗಲ್ಲ, ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ ಅಂತಾರೆ.”

ಲಿಫ್ಟಣ್ಣನ ಕೈಯ ಎಣ್ಣೆಡಬ್ಬಿ ವಾಲಿ, ಅವನ ಬೂಟಿಗೇ ಎಣ್ಣೆ ಬಿತ್ತು.

“ಬೇರೆ ಯಾರನ್ನ?”

“ಅವರನ್ನೇ! ತಾನೇ ನಿಲ್ತೀನಿ ಅಂದ್ರು. ಆ ಮನುಷ್ಯ ಜ್ಞಾನತಂದೆ ಆದ್ರೆ ನನ್ನ ಮಗಳು ದಿನಾ ಬೆಳಿಗ್ಗೆ ಎದ್ದು ಲೆಫ್ಟ್ ರೈಟ್ ಮಾಡ್ಬೇಕಾಗತ್ತೆ.” ತಂಗಿ ನಗಲು ಹೋದಳು, ಆಗಲಿಲ್ಲ. “ನಂಗೆ ತವರು ಅಂತ ಇರೋದು ನೀನೊಬ್ಬನೇ. ಏನಾದ್ರೂ ಮಾಡು. ಸಂಜೆ ಹಿರಿಯರ ಸಭೆ ಇದೆ. ಹೋಗು, ಅವರು ಏನು ಹೇಳಿದ್ರೂ ಹ್ಞೂಂ ಅನ್ನು. ಒಂದು ಸಂಜೆ ಬಾಯಿಗೆ ಬೀಗ ಹಾಕ್ಕೊ. ಕೆಳಗಡೆ ಅಂಗಡೀಲಿ ಬೇಕಾದಷ್ಟು ಸಿಗತ್ತೆ.”

ಕೂಸು ಲಿಫ್ಟಣ್ಣನ ಎಣ್ಣೆ ಬೆರಳನ್ನು ಹಿಡಿದುಕೊಂಡು ಬಾಯಿಗೆ ಹಾಕಲು ನೋಡಿತು. ಅವನು ಹ್ಞೂಂ ಎಂದ.

ಸಂಜೆ ಅವನನ್ನು ಕೂರಿಸಿದ್ದು ಸಂಡೇ ಸ್ಕೂಲಿನ ಕೋಣೆಯ ಪುಟ್ಟ ಕುರ್ಚಿಯ ಮೇಲೆ. ಮಂಡಿ ಗದ್ದಕ್ಕೆ ತಾಗುತ್ತಿತ್ತು. ಹಿರಿಯರು ಮೂವರು, ಸಭಾಪಾಲಕರು ಒಬ್ಬರು. ಸಭಾಪಾಲಕರು ಪ್ರಾರ್ಥನೆಯಿಂದ ಶುರು ಮಾಡಿ ಆಮೇಲೆ ತಮ್ಮ ಚಹಾದ ಲೋಟವನ್ನೇ ನೋಡುತ್ತ ಕುಳಿತರು. ಮಾತೆಲ್ಲ ಮೇಷ್ಟ್ರದೇ. ಅವರು ಒಂದು ಹಾಳೆ ಮುಂದಿಟ್ಟರು. ಅಕ್ಷರಗಳೆಲ್ಲ ಡ್ರಿಲ್ಲಿಗೆ ನಿಂತಂತೆ ನೆಟ್ಟಗಿದ್ದವು.

‘ನಾನು ಸಭೆಯಲ್ಲಿ ಕೇಳಿದ ಎಲ್ಲ ಪ್ರಶ್ನೆಗಳಿಗಾಗಿ ಪಶ್ಚಾತ್ತಾಪ ಪಡುತ್ತೇನೆ. ಇನ್ನು ಮುಂದೆ ಹೇಳಿದ್ದನ್ನು ಹೇಳಿದಂತೆಯೇ ನಂಬುತ್ತೇನೆ.’

“ಭಾನುವಾರ ಜ್ಞಾನಸ್ನಾನಕ್ಕೆ ಮುಂಚೆ ಇದನ್ನ ಎಲ್ಲರೆದುರಿಗೆ ಓದಿಬಿಡು. ಆಮೇಲೆ ನೀನು ಮಗು ಹಿಡಿ, ನಮ್ಮದೇನೂ ಇಲ್ಲ,” ಎಂದರು ಮೇಷ್ಟ್ರು.

ಲಿಫ್ಟಣ್ಣ ಹ್ಞೂಂ ಎಂದ.

ಇಷ್ಟು ಬೇಗ ಗೆಲ್ಲುತ್ತೇನೆಂದು ಮೇಷ್ಟ್ರು ಎಣಿಸಿರಲಿಲ್ಲ. ಇನ್ನೂ ಸ್ವಲ್ಪ ಗೆಲುವಿಗೆ ಜಾಗವಿದೆ ಎನ್ನಿಸಿರಬೇಕು.

“ಇನ್ನೊಂದು. ಬರೀ ಬಾಯಿ ಮಾತಾಗಬಾರದು, ಕ್ರಿಯೆನೂ ಬೇಕು. ಆ ಲಿಫ್ಟಿನ ಗಂಟೆ ತೆಗೆದುಬಿಡು. ಪ್ರತಿ ಭಾನುವಾರ ಅಮ್ಮನವರಿಗೆ ಎಷ್ಟು ಅವಮಾನ! ಕರ್ತನ ಮನೆಗೆ ಬರೋರನ್ನ ಎಣಿಸಿ ಇಳಿಸೋಕೆ ಅದ್ಯಾರು? ಎಂಟೇ ಜನ ಅಂತ ಬರೆದವನು ಮನುಷ್ಯ ತಾನೇ? ನಾವು ನಂಬಿಕೆಯಿಂದ ಹತ್ತೋಣ.”

ಲಿಫ್ಟಣ್ಣನ ಗಂಟಲಿಗೆ ಒಂದು ಪ್ರಶ್ನೆ ಬಂತು. ಅದೊಂದು ಸಣ್ಣ, ದಿನಬಳಕೆಯ ಪ್ರಶ್ನೆ. ಹತ್ತೊಂಬತ್ತು ವರ್ಷದಿಂದ ಶನಿವಾರ ಶನಿವಾರ ಅವನೊಡನೆ ಮಷಿನ್ ರೂಮಿಗೆ ಬರುತ್ತಿದ್ದದ್ದು. ಅವನು ಸಭಾಪಾಲಕರ ಕಡೆ ನೋಡಿದ. ಅವರು ಲೋಟದ ತಳ ನೋಡುತ್ತಿದ್ದರು. ಅವನು ಪ್ರಶ್ನೆಯನ್ನು ಔಷಧಿ ಮಾತ್ರೆಯ ಹಾಗೆ ನುಂಗಿದ.

“ಹ್ಞೂಂ,” ಎಂದ.

“ಆಮೆನ್,” ಎಂದರು ಮೇಷ್ಟ್ರು.

ಶನಿವಾರ ಅವನು ನಾಲ್ಕನೆಯ ಮಹಡಿಯ ಮೇಲಿನ ಮಷಿನ್ ರೂಮಿಗೆ ಹೋಗಿ ತಂತಿಗಳ ಪೆಟ್ಟಿಗೆ ತೆರೆದ. ಆ ಹಳೆಯ ಲಿಫ್ಟಿನಲ್ಲಿ ಗಂಟೆ ಹೊಡೆಯುವ ತಂತಿಯೂ ಮೋಟರನ್ನು ತಡೆಯುವ ತಂತಿಯೂ ಒಂದೇ. ಒಂದನ್ನು ಬಿಚ್ಚಿದರೆ ಎರಡೂ ಹೋಯಿತು. ಇದು ಅವನಿಗೆ ತನ್ನ ಅಂಗೈಯಷ್ಟು ಚೆನ್ನಾಗಿ ಗೊತ್ತು. ಗೊತ್ತಿರುವುದನ್ನು ಗೊತ್ತಿಲ್ಲ ಅಂದುಕೊಳ್ಳುವುದೇ ನಂಬಿಕೆ ಇರಬೇಕು ಎಂದು ಸಮಾಧಾನ ಹೇಳಿಕೊಂಡು ತಂತಿ ಬಿಚ್ಚಿ, ತುದಿಗೆ ಕಪ್ಪು ಟೇಪು ಸುತ್ತಿದ. ಆಮೇಲೆ ಪುಸ್ತಕ ತೆರೆದು ಪೆನ್ನು ಹಿಡಿದ. ಏನು ಬರೆಯುವುದೆಂದು ತೋಚದೆ ಪುಸ್ತಕ ಮುಚ್ಚಿದ. ಆ ಪುಸ್ತಕದಲ್ಲಿ ಸಹಿ ಬೀಳದೆ ಕಳೆದ ಶನಿವಾರ ಅದೊಂದೇ.

ಭಾನುವಾರ ಬೆಳಿಗ್ಗೆ ಅವನು ನಾಲ್ಕನೆಯ ಮಹಡಿಯ ಮೊಗಸಾಲೆಯಲ್ಲಿ ಅತ್ತಿಂದಿತ್ತ ನಡೆಯುತ್ತ ಹಾಳೆಯನ್ನು ಬಾಯಿಪಾಠ ಮಾಡುತ್ತಿದ್ದ. ಕೋಟು ತೊಟ್ಟಿದ್ದ. ಕೆಳಗಿನಿಂದ ಮೇಷ್ಟ್ರ ದನಿ ಲಿಫ್ಟಿನ ಬಾವಿಯೊಳಗಿಂದ ಹಾದು ಮೇಲೆ ಬರುತ್ತಿತ್ತು.

“ಬನ್ನಿ, ಬನ್ನಿ! ಇವತ್ತು ಯಾರೂ ಇಳಿಯೋ ಹಾಗಿಲ್ಲ! ಅಮ್ಮನವರೇ, ನೀವು ಮೊದಲು. ತಾಯೀ, ಮಗು ಕರ್ಕೊಂಡು ಬನ್ನಿ. ಬೀಗದ ಸಾಹುಕಾರ್ರೇ, ಹೆಂಡ್ತಿನ ಯಾಕೆ ಹೊರಗೆ ಬಿಟ್ರಿ? ಕೀಬೋರ್ಡ್ ತಮ್ಮಾ, ಪೆಟ್ಟಿಗೆ ನೆಟ್ಟಗೆ ನಿಲ್ಸು. ಗಾಯನದ ಹೆಣ್ಮಕ್ಕಳು ಎಲ್ಲಿ? ಒಬ್ಬರೂ ಉಳಿಯಬಾರದು. ಗಂಟೆ ಹೊಡೀತಾ? ಇಲ್ಲ! ನೋಡಿದ್ರಾ? ನಂಬಿಕೆ!”

‘ತಾಯೀ, ಮಗು’ ಎಂಬ ಮಾತು ಲಿಫ್ಟಣ್ಣನ ಕಿವಿಗೆ ಬಿದ್ದು, ಅಲ್ಲಿಂದ ತಲೆಗೆ ಹೋಗುವಷ್ಟರಲ್ಲಿ ಲಿಫ್ಟಿನ ಬಾಗಿಲು ಮುಚ್ಚಿದ ಸದ್ದಾಯಿತು. ಅವನು ಜಾಲರಿಗೆ ಬಾಯಿಟ್ಟು “ಇಳೀರೀ!” ಎಂದು ಕೂಗಿದ. ಅಷ್ಟರಲ್ಲಿ ಮೇಲೆ ಮೋಟರು ಶುರುವಾಗಿತ್ತು. ಆ ಸದ್ದನ್ನು ಅವನು ಯಾವತ್ತೂ ಕೇಳಿರಲಿಲ್ಲ. ಕೆಸರಿನಲ್ಲಿ ಸಿಕ್ಕ ಎಮ್ಮೆ ಎದ್ದೇಳಲು ಹೆಣಗುವಂಥ ಸದ್ದು. ಒಂದನೇ ಮಹಡಿ ದಾಟಿತು. ಎರಡನೆಯದು ದಾಟಿತು. ಎಮ್ಮೆ ಒಮ್ಮೆ ನಿಟ್ಟುಸಿರಿಟ್ಟು ಸುಮ್ಮನಾಯಿತು. ಲಿಫ್ಟಿನ ದೀಪ ಆರಿತು.

ಬಾವಿಯೊಳಗೆ ಹನ್ನೆರಡು ಜನ ಒಟ್ಟಿಗೇ ಉಸಿರೆಳೆದುಕೊಂಡರು. ಆಮೇಲೆ ಮೇಷ್ಟ್ರ ದನಿ, ಸ್ವಲ್ಪ ಸಣ್ಣದಾಗಿ: “ಆಮೆನ್?”

ಲಿಫ್ಟಣ್ಣ ಮಷಿನ್ ರೂಮಿಗೆ ಓಡಿದ. ಮೆಟ್ಟಿಲು ಹತ್ತಿ ಆಗಷ್ಟೇ ನಾಲ್ಕನೆಯ ಮಹಡಿ ಮುಟ್ಟಿದ್ದ ಸಭಾಪಾಲಕರು, ಏದುಸಿರು ಬಿಡುತ್ತಲೇ ಅವನ ಹಿಂದೆ ಇನ್ನೊಂದು ಮಹಡಿ ಹತ್ತಿದರು. ಮೋಟರು ಕಾದ ಕಾವಲಿಯಂತಿತ್ತು. ಸುಟ್ಟುಹೋಗುವ ಮುನ್ನ ತನ್ನಷ್ಟಕ್ಕೆ ತಾನೇ ನಿಂತಿತ್ತು. ಬ್ರೇಕು ಚಕ್ರವನ್ನು ಗಟ್ಟಿಯಾಗಿ ಕಚ್ಚಿಕೊಂಡಿತ್ತು. ಲಿಫ್ಟಣ್ಣ ನೋಡಿದ, ಮುಟ್ಟಿದ, ಆಮೇಲೆ ಉಸಿರಾಡಿದ.

“ಬೀಳಲ್ಲ ಅಯ್ಯನವರೇ. ಬ್ರೇಕ್ ಹಿಡಿದಿದೆ. ಕೈಯಿಂದಲೇ ಇಳಿಸ್ಬೇಕು, ಎರಡನೇ ಮಹಡಿಗೆ. ಒಂದು ಮೂರು ಅಡಿ, ಅಷ್ಟೇ.”

ಸಭಾಪಾಲಕರು ನೆಲದ ತೂತುಗಳಲ್ಲಿ ಕತ್ತಲೆಗೆ ಇಳಿದುಹೋದ ಹಗ್ಗಗಳನ್ನು ನೋಡಿ ಗೋಡೆಗೆ ಒರಗಿಕೊಂಡರು. “ಒಂದು ನಿಜ ಹೇಳ್ಲಾ? ವ್ಯಾಯಾಮಕ್ಕಲ್ಲ ನಾನು ಮೆಟ್ಟಿಲು ಹತ್ತೋದು. ನಂಗೆ ಲಿಫ್ಟ್ ಕಂಡ್ರೆ ಭಯ. ಹನ್ನೊಂದು ವರ್ಷದಿಂದ ಇಲ್ಲಿದೀನಿ, ಒಂದು ಸಲಾನೂ ಹತ್ತಿಲ್ಲ. ಈ ಹಗ್ಗ ಹರಿದ್ರೆ ಅಂತ…”

“ಒಂದು ಹಗ್ಗ ಸಾಕು, ಅಷ್ಟೂ ಜನರನ್ನ ಹೊರತ್ತೆ. ಆದ್ರೂ ನಾಲ್ಕು ಹಾಕಿರ್ತಾರೆ.”

“ಯಾಕೆ?”

“ಯಾರೋ ಒಬ್ಬ ಕೂತ್ಕೊಂಡು, ನಿಮ್ಮ ಹಾಗೇನೇ, ಒಂದು ಹರಿದ್ರೆ ಅಂತ ಕೇಳಿದ. ಆಮೇಲೆ ಎರಡು ಹರಿದ್ರೆ ಅಂದ. ಆಮೇಲೆ ಮೂರು ಅಂದ. ಅವನು ಕೇಳಿದ್ದಕ್ಕೇ ಇವತ್ತು ಅಮ್ಮನವರು ಕ್ಷೇಮವಾಗಿರೋದು.” ಲಿಫ್ಟಣ್ಣ ಹೇಳುತ್ತಲೇ ಕೋಟು ಬಿಚ್ಚಿ ಎಸೆದ. ಮಾತು ಬಾಯಿಂದ ಹೊರಬಿದ್ದ ಮೇಲೆ ಅದು ತನಗೂ ಕೇಳಿಸಿ, ಪೆಟ್ಟಿಗೆಯೊಳಗೆ ಕಪ್ಪು ಟೇಪು ಸುತ್ತಿಕೊಂಡು ತೂಗುತ್ತಿದ್ದ ತಂತಿಯನ್ನು ನೋಡಿ ಸುಮ್ಮನಾದ.

ಕೆಲಸ ಹೀಗಿತ್ತು: ಹಗ್ಗದ ಒಂದು ತುದಿಗೆ ಲಿಫ್ಟು, ಇನ್ನೊಂದು ತುದಿಗೆ ಕಬ್ಬಿಣದ ತೂಕ. ಬ್ರೇಕು ಸಡಿಲಿಸಿದರೆ ಯಾವ ಕಡೆ ಭಾರವೋ ಆ ಕಡೆ ಇಳಿಯುತ್ತದೆ. ಭಾರ ಸ್ವಲ್ಪ ಹೆಚ್ಚಿದ್ದರೆ ಒಬ್ಬನೇ ಒಂದು ಕೈಯಲ್ಲಿ ಚಕ್ರ ಹಿಡಿದು, ಇನ್ನೊಂದರಲ್ಲಿ ಬ್ರೇಕು ಸಡಿಲಿಸುವ ಸನ್ನೆಗೋಲು ಒತ್ತಿ ಇಳಿಸಬಹುದು. ತೀರಾ ಹೆಚ್ಚಿದ್ದರೆ ಚಕ್ರಕ್ಕೇ ಎರಡು ಕೈ ಬೇಕು, ಸನ್ನೆಗೆ ಇನ್ನೊಬ್ಬ ಬೇಕು. ಆದ್ದರಿಂದ ಮೊದಲು ಗೊತ್ತಾಗಬೇಕಾದದ್ದು ಒಂದೇ. ಲಿಫ್ಟಣ್ಣ ಬೋರಲು ಮಲಗಿ ಹಗ್ಗದ ತೂತಿಗೆ ಬಾಯಿಟ್ಟ.

“ಎಲ್ಲರೂ ಕೇಳಿಸ್ಕೊಳ್ಳಿ! ಒಬ್ಬೊಬ್ಬರಾಗಿ ನಿಮ್ಮ ತೂಕ ಹೇಳಿ!”

ಬಾವಿಯೊಳಗೆ ಗುಜುಗುಜು. ಮೇಷ್ಟ್ರು ಕೂಗಿದರು: “ಈಗಲೂ ಪ್ರಶ್ನೆನಾ ನಿಂದು? ಮೊದಲು ಇಳ್ಸಯ್ಯಾ!”

“ಉತ್ತರ ಬರದೆ ಬ್ರೇಕ್ ಮುಟ್ಟಲ್ಲ ಮೇಷ್ಟ್ರೇ!”

ಪಾಪಗಳನ್ನಾದರೆ ಅವರು ವರ್ಷಕ್ಕೆರಡು ಸಲ ಹೇಳಿಕೊಳ್ಳುತ್ತಿದ್ದರು; ತೂಕ ಹೇಳಿಕೊಳ್ಳುವ ಅಭ್ಯಾಸ ಇರಲಿಲ್ಲ. ಆಗ ಗಂಭೀರವಾದ ಹೆಂಗಸಿನ ದನಿಯೊಂದು ಕೇಳಿಸಿತು.

“ತೊಂಬತ್ತಾರು. ನಂದು. ಬರ್ಕೊಳ್ಳಿ.”

ಅದು ಅಮ್ಮನವರು. ಅಷ್ಟಾದ ಮೇಲೆ ಉಳಿದವರಿಗೆ ಮರೆಯಲು ಏನು ಉಳಿಯಿತು? ಸಭಾಪಾಲಕರು ಜೇಬು ತಡಕಾಡಿದರು, ಕಾಗದವಿರಲಿಲ್ಲ. ಲಿಫ್ಟಣ್ಣ ತನ್ನ ಪಶ್ಚಾತ್ತಾಪದ ಹಾಳೆ ಕೊಟ್ಟ. ಅದರ ಹಿಂಬದಿಯಲ್ಲಿ ಸಭಾಪಾಲಕರು ಒಂದರ ಕೆಳಗೊಂದು ಬರೆಯತೊಡಗಿದರು. ತಂಗಿ ಐವತ್ತೆಂಟು, ಮಗು ಏಳು, ತಂಗಿಯ ಗಂಡ ಎಪ್ಪತ್ತೊಂದು. ಕೀಬೋರ್ಡಿನವನು ಎಂಬತ್ತು, ಅವನ ಪೆಟ್ಟಿಗೆ ಇಪ್ಪತ್ತೆರಡು. ಬೀಗದ ಸಾಹುಕಾರರು ಎಪ್ಪತ್ತು ಎಂದರು. “ಸುಳ್ಳು, ಎಪ್ಪತ್ತೊಂಬತ್ತು, ಮೊನ್ನೆ ಡಾಕ್ಟರ ಹತ್ರ ನಾನೇ ನೋಡಿದೀನಿ,” ಎಂದು ಅವರ ಹೆಂಡತಿಯ ದನಿ ಬಂತು. “ನಿಂದು ಹೇಳೇ ಹಂಗಾದ್ರೆ!” ಎಂದು ಸಾಹುಕಾರರು. ಗಾಯನದ ಐವರು ಒಟ್ಟಿಗೇ ಹೇಳಿದ್ದರಿಂದ ಮತ್ತೆ ಕೇಳಬೇಕಾಯಿತು. ಕೊನೆಗೆ ಮೇಷ್ಟ್ರು: “ಅರವತ್ತೆರಡು.”

“ಏಳುನೂರ ತೊಂಬತ್ಮೂರು,” ಎಂದರು ಸಭಾಪಾಲಕರು.

“ಸುಳ್ಳಿಗೆ ಅಂತ ಇನ್ನೊಂದು ಐವತ್ತು ಸೇರಿಸಿ.”

“ಸುಳ್ಳಿಗಾ? ನಮ್ಮ ಸಭೇಲಾ?”

“ನಮ್ಮ ಸಭೆ ಅಂತಲೇ ಐವತ್ತು ಅಂದೆ ಅಯ್ಯನವರೇ. ಬೇರೆ ಕಡೆ ಆಗಿದ್ರೆ ನೂರು ಅಂತಿದ್ದೆ. ಬನ್ನಿ, ಒಬ್ಬನ ಕೈಲಾಗಲ್ಲ. ಈ ಸನ್ನೆ ಹಿಡೀರಿ. ನಾನು ಒತ್ತಿ ಅಂದಾಗ ಒತ್ತಿ, ಬಿಡಿ ಅಂದಾಗ ಬಿಡಿ.”

“ನಾನಾ? ಒತ್ತಿ ಬಿಡೋಕೆ ಮರೆತ್ರೆ?”

“ಚಕ್ರ ನನ್ನ ಕೈಲಿರತ್ತೆ.”

“ನಿನ್ನ ಕೈ ಜಾರಿದ್ರೆ?”

“ನೀವು ಬಿಟ್ಟ ತಕ್ಷಣ ಬ್ರೇಕ್ ತಾನೇ ಕಚ್ಚತ್ತೆ.”

“ಹಂಗಾದ್ರೆ ಸರಿ,” ಎಂದು ಸಭಾಪಾಲಕರು ತೋಳು ಮಡಿಸಿ ಬಂದು ಸನ್ನೆ ಹಿಡಿದರು. ಉತ್ತರ ಸಿಕ್ಕಿದ ಮೇಲೆ ಅವರು ಮತ್ತೆ ಹಗ್ಗಗಳ ಕಡೆ ನೋಡಲಿಲ್ಲ. ಅದನ್ನು ಲಿಫ್ಟಣ್ಣ ಗಮನಿಸಿದ.

ಒತ್ತಿ, ಬಿಡಿ. ಒತ್ತಿ, ಬಿಡಿ. ಒಂದೊಂದು ಸಲಕ್ಕೆ ನಾಲ್ಕು ಬೆರಳಷ್ಟು ಲಿಫ್ಟು ಇಳಿಯಿತು; ಪ್ರತಿ ಸಲವೂ ಕೆಳಗಿನಿಂದ ಸಾಮೂಹಿಕವಾಗಿ “ಅಯ್ಯಯ್ಯೋ” ಎಂದು ಬರುತ್ತಿತ್ತು, ಗಾಯನದವರದು ಒಂದು ಸ್ವರ ಮೇಲೆ. ನಡುವೆ ಅಮ್ಮನವರ ಮಾತು ಕೇಳಿಸಿತು.

“ಅಲ್ಲ ಮೇಷ್ಟ್ರೇ, ಆ ಗಂಟೆ ಯಾಕೆ ತೆಗೆಸಿದ್ರಿ?”

“ನಿಮಗೆ ಅವಮಾನ ಆಗಬಾರದು ಅಂತ ಅಮ್ಮನವರೇ.”

“ನಂಗಾ? ನಂಗೆ ಅವಮಾನ ಅಂತ ಯಾರು ಹೇಳಿದ್ದು? ನಾನು ಬೇಕು ಅಂತಲೇ ಕೊನೇಲಿ ಹತ್ತೋದು. ಗಂಟೆ ಹೊಡೀತು ಅಂದ್ರೆ ಇಳಿದು ಅಯ್ಯನವರ ಜೊತೆ ನಡ್ಕೊಂಡು ಹೋಗಬಹುದು. ವಾರದಲ್ಲಿ ಆ ಮನುಷ್ಯ ನಂಗೆ ಒಬ್ಬಳಿಗೇ ಸಿಗೋದು ಆ ಎಂಬತ್ತೆಂಟು ಮೆಟ್ಟಿಲಲ್ಲೇ! ನನ್ನ ಒಂದು ಮಾತು ಕೇಳಬಾರದಿತ್ತಾ?”

ಮಷಿನ್ ರೂಮಿನಲ್ಲಿ ಸಭಾಪಾಲಕರ ಕಿವಿ ಕೆಂಪಾಯಿತು. “ಒತ್ತಲಾ?” ಎಂದರು.

“ಬಿಡಿ ಅಂದೆ!” ಎಂದ ಲಿಫ್ಟಣ್ಣ.

ಅರ್ಧ ಗಂಟೆಯಲ್ಲಿ ಲಿಫ್ಟು ಎರಡನೆಯ ಮಹಡಿಗೆ ಬಂದು ನಿಂತಿತು. ಹಲ್ಲಿನ ಡಾಕ್ಟರ ಬಾಗಿಲ ಮುಂದೆ ಹನ್ನೆರಡು ಜನ ಬೆವರಿ, ಹಲ್ಲು ಕೀಳಿಸಿಕೊಂಡವರಂತೆ ಬಾಯಿ ಮೇಲೆ ಕೈಯಿಟ್ಟುಕೊಂಡು ಇಳಿದರು. ಮಗು ಮಾತ್ರ ಗಾಢ ನಿದ್ದೆಯಲ್ಲಿತ್ತು. ಎಲ್ಲರೂ ಮೆಟ್ಟಿಲು ಹತ್ತಿ ಬಂದರು. ಮೇಷ್ಟ್ರು ಕೊನೆಗೆ ಬಂದರು.

ಆರಾಧನೆ ಮುಕ್ಕಾಲು ಗಂಟೆ ತಡವಾಗಿ ಶುರುವಾಯಿತು. ಲಿಫ್ಟು ಹಳೆಯದು, ಕೈಕೊಟ್ಟಿತು, ಲಿಫ್ಟಣ್ಣ ಕಾಪಾಡಿದ: ಇಷ್ಟೇ ಎಲ್ಲರಿಗೂ ಗೊತ್ತಿದ್ದದ್ದು. ಜನ ಅವನ ಕೈ ಕುಲುಕಿದರು. ತಂಗಿ ಮುಂದಿನ ಸಾಲಿನಿಂದ ತಿರುಗಿ, ಕಣ್ಣೊರೆಸಿಕೊಂಡು ನಕ್ಕಳು. ಗಂಟೆ ಸುಮ್ಮನಿತ್ತೆಂದು ಗೊತ್ತಿದ್ದವರಿಗೂ, ಗಂಟೆಯ ಜೊತೆ ಲಿಫ್ಟಿನ ಲಗಾಮನ್ನೂ ಬಿಚ್ಚಲಾಗಿತ್ತೆಂದು ಗೊತ್ತಿರಲಿಲ್ಲ. ಅದು ಗೊತ್ತಿದ್ದವನು ಒಬ್ಬನೇ. ಹಾಳೆ ಓದಿಬಿಟ್ಟರೆ ಎಲ್ಲ ಸುಖಾಂತ. ಮಗು ಕೈಗೆ ಬರುತ್ತದೆ. ಬಾಯಿ ಬಿಟ್ಟರೆ ತಂಗಿಯ ಆ ನಗು ಏನಾಗುತ್ತದೋ ಹೇಳಲಾಗದು.

ಸಭಾಪಾಲಕರು ಕರೆದರು. ಅವನು ಮುಂದೆ ಬಂದು, ಅವರ ಕೈಯಿಂದ ಹಾಳೆ ತೆಗೆದುಕೊಂಡು ಬಿಡಿಸಿದ. ಹಿಂದುಮುಂದಾಗಿ ಹಿಡಿದಿದ್ದ, ಎದುರಿಗೆ ಬಂದದ್ದು ಹಿಂಬದಿಯ ತೂಕಗಳು. ತೊಂಬತ್ತಾರು. ಐವತ್ತೆಂಟು. ಏಳು.

ಆ ಏಳರ ಮೇಲೆ ಅವನ ಕಣ್ಣು ನಿಂತಿತು.

“ಪ್ರಶ್ನೆ ಕೇಳಿದ್ದಕ್ಕೆ ಕ್ಷಮೆ ಕೇಳಬೇಕು ಅಂತ ಇದರಲ್ಲಿ ಬರೆದಿದೆ,” ಎಂದ. “ನಾನು ತಪ್ಪು ಮಾಡಿದೀನಿ.”

“ಆಮೆನ್!” ಎಂದರು ಮೇಷ್ಟ್ರು.

“ಮುಗಿದಿಲ್ಲ ಮೇಷ್ಟ್ರೇ,” ಎಂದ ಲಿಫ್ಟಣ್ಣ. “ಕೇಳಿದ್ದಲ್ಲ ನನ್ನ ತಪ್ಪು. ಒಂದು ಕೇಳ್ದೇ ಬಿಟ್ಟೆ. ಶುಕ್ರವಾರ ಗಂಟೆ ತೆಗಿ ಅಂದ್ರು. ತೆಗೆದ್ರೆ ಎಂಟಕ್ಕಿಂತ ಹೆಚ್ಚು ಜನ ಹತ್ತಿದಾಗ ತಡೆಯೋದು ಯಾರು ಅಂತ ಬಾಯಿಗೆ ಬಂದಿತ್ತು. ನುಂಗಿದೆ. ಗಂಟೆ ತಂತಿ ಬಿಚ್ಚಿದ್ರೆ ಲಿಫ್ಟನ್ನ ತಡೆಯೋದು ಏನೂ ಇರಲ್ಲ ಅಂತ ಈ ಊರಲ್ಲಿ ಗೊತ್ತಿದ್ದವನು ನಾನೊಬ್ಬನೇ. ಗೊತ್ತಿದ್ದೂ ಬಿಚ್ಚಿದೆ. ಅದನ್ನ ನಂಬಿಕೆ ಅಂತ ಅಂದ್ಕೊಂಡೆ. ನಂಬಿಕೆ ಅಲ್ಲ ಅದು, ಹೆದರಿಕೆ. ಮಗು ಹಿಡಿಯೋಕೆ ಬಿಡಲ್ಲ ಅನ್ನೋ ಹೆದರಿಕೆ. ಹೃದಯ, ಪ್ರಾಣ, ಬುದ್ಧಿ, ಎಲ್ಲಾ ಕೊಟ್ಟು ದೇವರನ್ನ ಪ್ರೀತಿಸ್ಬೇಕು ಅಂತ ನಾವು ಬಾಯಲ್ಲಿ ಹೇಳ್ತೀವಿ. ನಾನು ಮೊದಲಿನ ಎರಡನ್ನ ಒಳಗೆ ತಂದು ಮೂರನೇದನ್ನ ಕೊಡೆ ಡಬ್ಬೀಲಿ ಇಟ್ಟಿದ್ದೆ. ಮಗು ಆ ಲಿಫ್ಟಲ್ಲಿತ್ತು. ಅಷ್ಟೇ. ಈಗ ಮುಗೀತು.”

ಯಾರೂ ಆಮೆನ್ ಎನ್ನಲಿಲ್ಲ. ಕೊನೆಗೆ ಬೆಂಚೊಂದು ಕಿರುಗುಟ್ಟಿತು. ಮೇಷ್ಟ್ರು ಎದ್ದು ನಿಂತಿದ್ದರು.

“ಎಪ್ಪತ್ತನಾಲ್ಕು,” ಎಂದರು.

“ಏನು ಮೇಷ್ಟ್ರೇ?”

“ಅರವತ್ತೆರಡು ಅಂದಿದ್ದೆನಲ್ಲ. ಅದು ರಿಟೈರ್ ಆದಾಗಿನ ತೂಕ.” ಅವರು ಕನ್ನಡಕ ತೆಗೆದು ಒರೆಸಿದರು. “ತೆಗಿ ಅಂದವನು ನಾನು. ಅಮ್ಮನವರನ್ನೂ ಕೇಳ್ಲಿಲ್ಲ, ನಿನ್ನನ್ನೂ ಕೇಳ್ಲಿಲ್ಲ. ಅದೂ ಬರ್ಕೊಳ್ಳಿ.” ಕುಳಿತುಬಿಟ್ಟರು.

ಲಿಫ್ಟಣ್ಣ ತಂಗಿಯ ಕಡೆ ನೋಡಲಾರದೆ ನೋಡಿದ. ಅವಳ ಮುಖದಲ್ಲಿ ನಗು ಇರಲಿಲ್ಲ. ಮಗುವನ್ನು ಎದೆಗೆ ಒತ್ತಿ ಹಿಡಿದಿದ್ದಳು.

“ನೀನಾ ಅಣ್ಣಾ?” ಎಂದಳು.

“ಹ್ಞೂಂ.”

“ಹ್ಞೂಂ ಅನ್ನು ಅಂತ ನಾನೇ ಹೇಳಿದ್ದೆ,” ಎಂದಳು. “ಆದ್ರೆ ಅದ್ಯಾಕೆ ನನ್ನ ಮಾತು ಕೇಳಿದೆ? ಹುಟ್ಟಿದಾಗಿಂದ ಒಂದು ದಿನಾನೂ ಕೇಳ್ದೋನು!” ಮೂಗು ಒರೆಸಿಕೊಂಡಳು. “ಹೋಗು. ಮೊದಲು ಆ ತಂತಿ ಹಾಕು. ಗಂಟೆ ನನ್ನ ಕಿವಿಗೆ ಕೇಳಿಸ್ಲಿ. ಆಮೇಲೆ ನೋಡೋಣ, ಮಗು ಯಾರ ಕೈಗೆ ಅಂತ.”

ಹಾಗಾಗಿ ಆ ಭಾನುವಾರ ಜ್ಞಾನಸ್ನಾನದ ನೀರು ಬಟ್ಟಲಲ್ಲೇ ಕಾಯುತ್ತ ಉಳಿಯಿತು. ಲಿಫ್ಟಣ್ಣ ಮೇಲೆ ಹೋಗಿ ಟೇಪು ಸುಲಿದು, ತಂತಿ ಕೂರಿಸಿ, ತಿರುಪು ಬಿಗಿದು, ಎರಡು ಸಲ ಎಳೆದು ನೋಡಿದ. ಪುಸ್ತಕ ತೆರೆದು ಶನಿವಾರದ ಜಾಗದಲ್ಲಿ ‘ಬುದ್ಧಿ ಇರಲಿಲ್ಲ’ ಎಂದೂ, ಭಾನುವಾರದ ಜಾಗದಲ್ಲಿ ‘ಸರಿಪಡಿಸಿದೆ’ ಎಂದೂ ಬರೆದು ಸಹಿ ಹಾಕಿದ. ಅಷ್ಟರಲ್ಲಿ ತಣ್ಣಗಾಗಿದ್ದ ಮೋಟರನ್ನು ಮತ್ತೆ ಶುರು ಮಾಡಿ, ಲಿಫ್ಟನ್ನು ಖಾಲಿಯಾಗಿಯೇ ನಾಲ್ಕನೆಯ ಮಹಡಿಗೆ ತಂದು ಬಾಗಿಲು ತೆರೆದಿಟ್ಟ. ಇಡೀ ಸಭೆ ಮೊಗಸಾಲೆಯಲ್ಲಿ ನೆರೆದಿತ್ತು.

“ಒಂಬತ್ತು ಜನ ಬೇಕು,” ಎಂದ. “ಲಿಫ್ಟ್ ಹೋಗಲ್ಲ. ಸುಮ್ಮನೆ ನಿಲ್ಲೋದು.”

ಯಾರೂ ಮುಂದೆ ಬರಲಿಲ್ಲ. ಸಭಾಪಾಲಕರು ಒಮ್ಮೆ ಹಗ್ಗದ ಕಡೆ ಕತ್ತೆತ್ತಿ ನೋಡಿ, “ನಾಲ್ಕು ಅಲ್ವಾ?” ಎಂದರು.

“ನಾಲ್ಕು ಅಯ್ಯನವರೇ.”

ಅವರು ಕಣ್ಣು ಮುಚ್ಚಿ ಒಳಗೆ ಕಾಲಿಟ್ಟರು, ಹನ್ನೊಂದು ವರ್ಷದಲ್ಲಿ ಮೊದಲ ಸಲ. ಅವರ ಹಿಂದೆ ಕೀಬೋರ್ಡಿನವನು, ಬೀಗದ ಸಾಹುಕಾರರು, ಅವರ ಹೆಂಡತಿ, ಗಾಯನದ ಮೂವರು. ಏಳಾಯಿತು. ಆಮೇಲೆ ಅಮ್ಮನವರು ಹೋಗಿ ಗಂಡನ ಪಕ್ಕ ನಿಂತರು. ಲಿಫ್ಟು ಸುಮ್ಮನಿತ್ತು.

ಮೇಷ್ಟ್ರು ಬಂದರು. ಹೊಸ್ತಿಲಲ್ಲಿ ನಿಂತು, ಡ್ರಿಲ್ಲಿನಲ್ಲಿ ನಿಂತಂತೆ ಬೆನ್ನು ನೆಟ್ಟಗೆ ಮಾಡಿ, ಬಲಗಾಲು ಒಳಗಿಟ್ಟರು.

ಗಂಟೆ ಹೊಡೆಯಿತು. ಎರಡು ದಿನದ ಬಾಕಿಯನ್ನೆಲ್ಲ ತೀರಿಸುವಂತೆ ಕಟ್ಟಡ ನಡುಗುವ ಹಾಗೆ ಹೊಡೆಯಿತು. ಕೊನೆಗೆ ಹತ್ತಿದವರು ಇಳಿಯಬೇಕು, ಮೇಷ್ಟ್ರು ಇಳಿದರು. ಗಂಟೆ ನಿಂತಿತು. ಅದು ಪೂರ್ತಿಯಾಗಿ ನಿಲ್ಲುವ ತನಕ ಕಾದು, ಆಮೇಲೆ, ಸಣ್ಣ ದನಿಯಲ್ಲಿ, “ಆಮೆನ್,” ಎಂದರು.

ಹನ್ನೆರಡು ಜನರ ಅಯ್ಯಯ್ಯೋಗೂ ಏಳದ ಕೂಸು ಈ ಸದ್ದಿಗೆ ಎಚ್ಚೆತ್ತು, ಮುಖ ಕೆಂಪಗೆ ಮಾಡಿ, ಕಿಟಾರನೆ ಕಿರುಚತೊಡಗಿತು. ತಂಗಿ ತೂಗಿ ನೋಡಿದಳು, ತಟ್ಟಿ ನೋಡಿದಳು. ಆಮೇಲೆ ಎರಡು ಹೆಜ್ಜೆ ನಡೆದು ಬಂದು, ಅಣ್ಣನ ಎಣ್ಣೆ ಕೈಗಳ ಮೇಲೆ ಅದನ್ನು ಇಟ್ಟುಬಿಟ್ಟಳು.

“ತಗೋ. ಎಬ್ಬಿಸಿದವನು ನೀನು, ಸಮಾಧಾನ ಮಾಡೋನೂ ನೀನೇ,” ಎಂದಳು. “ಮತ್ತೆ ಕೇಳಿಸ್ಕೊ. ಇವಳು ದೊಡ್ಡವಳಾಗಿ ಆನೆ ವಿಷಯ ಕೇಳಿದ್ರೆ, ನನ್ನ ಹತ್ರ ಕಳಿಸ್ಬೇಡ. ನೀನೇ ಉತ್ತರ ಹುಡುಕಿಟ್ಕೊ.”